ನಡುಗೋಡೆ ಒಡೆಸಿದ ಮೇಲೆ ಬಾಗಿಲು ಹಿಡೀತಿದೆಯಾ? ಬಡಗಿಗಿಂತ ಮೊದಲು ಎಂಜಿನಿಯರ್ ಕರೆಸಿ

ಎರಡು ರೂಮ್ ಸೇರಿಸಿ ಒಂದೇ ಅಂಗಡಿ ಮಾಡೋದು, ಅಡುಗೆಮನೆ ಗೋಡೆ ತೆಗೆದು ಹಾಲ್ ದೊಡ್ಡದು ಮಾಡೋದು ಹೊಸದೇನಲ್ಲ. ಗೋಡೆ ಒಡೆಯೋಕೆ ಒಂದು ದಿನ ಸಾಕು. ಆದರೆ ಆ ಗೋಡೆ ಸ್ಲ್ಯಾಬ್ ಭಾರ ಹೊತ್ತಿದ್ದರೆ, ತೊಂದರೆ ಕಾಣಿಸೋದು ಕೆಲವು ದಿನ, ಕೆಲವು ಸಲ ತಿಂಗಳು ಕಳೆದ ಮೇಲೆ.

ಏನಾಗುತ್ತೆ?

ಪಿಲ್ಲರ್ ಇಲ್ಲದ ಹಳೇ ಮನೆಗಳಲ್ಲಿ ಭಾರ ಹೊರೋದು ಗೋಡೆಗಳೇ. 10 ಅಡಿ ಉದ್ದ, 10 ಅಡಿ ಅಗಲ, 5 ಇಂಚು ದಪ್ಪದ ಸ್ಲ್ಯಾಬ್ ಸುಮಾರು 3 ಟನ್ ತೂಗುತ್ತೆ. ಆಧಾರವಿಲ್ಲದ ಉದ್ದ ಎರಡರಷ್ಟಾದರೆ ಸ್ಲ್ಯಾಬನ್ನು ಬಗ್ಗಿಸುವ ಒತ್ತಡ ಸುಮಾರು ನಾಲ್ಕು ಪಟ್ಟಾಗುತ್ತೆ. ಒಳಗಿನ ಕಬ್ಬಿಣವನ್ನು ಅಷ್ಟಕ್ಕೆ ಲೆಕ್ಕ ಹಾಕಿ ಕಟ್ಟಿರಲ್ಲ.

ಈ ಲಕ್ಷಣ ಗಮನಿಸಿ

- ಬಾಗಿಲು, ಕಿಟಕಿ ಮೂಲೆಯಿಂದ ಓರೆಯಾಗಿ ಹೋಗುವ ಬಿರುಕು
- ಸರಿಯಿದ್ದ ಬಾಗಿಲು ಹಿಡಿಯೋದು, ಚಿಲಕ ಕೂರದಿರೋದು, ಶಟರ್ ಸಿಕ್ಕಿಕೊಳ್ಳೋದು
- ಸ್ಲ್ಯಾಬ್ ಅಡಿಯಲ್ಲಿ ಹೊಸ ಬಿರುಕು, ನಡುವೆ ಜಗ್ಗಿದ ಹಾಗೆ ಕಾಣೋದು
- ಮಹಡಿ ಮೇಲೆ ಟೈಲ್ಸ್ ಏಳೋದು, ಗೋಡೆಗೂ ನೆಲಕ್ಕೂ ಸಂದು ಬಿಡೋದು
- ಹೊಸ ಬೀಮ್ ತುದಿ ಕೂತ ಕಡೆ ಇಟ್ಟಿಗೆ ಪುಡಿ ಉದುರೋದು

ಎಲ್ಲ ಬಿರುಕೂ ಅಪಾಯ ಅಲ್ಲ. ಹೊಸ ಪ್ಲಾಸ್ಟರ್ ಒಣಗುವಾಗ ಕೂದಲೆಳೆಯಂಥ ಗೆರೆ ಬರುತ್ತೆ, ಅಲ್ಲಿಗೇ ನಿಲ್ಲುತ್ತೆ. ಅನುಮಾನ ಇದ್ದರೆ ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ ತಾರೀಖು ಬರೆಯಿರಿ, ಫೋಟೋ ತೆಗೆದಿಡಿ. ಗುರುತು ದಾಟಿತು ಅಂದರೆ ಗೋಡೆ ಇನ್ನೂ ಅಲುಗಾಡ್ತಿದೆ ಅಂತ ಅರ್ಥ.

ತಕ್ಷಣ ಏನು ಮಾಡಬೇಕು?

ಬಿರುಕು ದಿನದಿನಕ್ಕೆ ಬೆಳೀತಿದ್ದರೆ, 5 ಮಿಲಿಮೀಟರ್ ದಾಟಿದ್ದರೆ ಅಥವಾ ಸ್ಲ್ಯಾಬ್‌ನಿಂದ ಶಬ್ದ ಬಂದರೆ ಕಾಯಬೇಡಿ. ಕೆಳಗೆ ಯಾರೂ ಮಲಗಬಾರದು, ಗಿರಾಕಿಗಳನ್ನೂ ಬಿಡಬಾರದು. ಮಹಡಿಯಲ್ಲಿ ಬಾಡಿಗೆದಾರರಿದ್ದರೆ ಅವರಿಗೂ ಹೇಳಿ ಹೊರಗೆ ಕಳಿಸಿ. ಎಂಜಿನಿಯರ್ ಹೇಳಿದ ಕಡೆ ಸೆಂಟ್ರಿಂಗ್‌ನವರಿಂದ ಕಬ್ಬಿಣದ ಜಾಕಿ ಕೊಡಿಸಿ. ಜಾಕಿ ಅಡಿಗೆ ದಪ್ಪ ಹಲಗೆ ಇರಲಿ, ಬರೀ ಟೈಲ್ಸ್ ಮೇಲೆ ನಿಲ್ಲಿಸಬೇಡಿ.

ಪುಟ್ಟಿ ತುಂಬಿ ಬಣ್ಣ ಹೊಡೆಯೋದು, ಬಾಗಿಲಿಗೆ ಉಜ್ಜುಗೊರಡು ಹಾಕೋದು ರಿಪೇರಿ ಅಲ್ಲ. ಅದರಿಂದ ಗುರುತು ಮುಚ್ಚಿಹೋಗುತ್ತೆ ಅಷ್ಟೆ. ಸರಿಯಾದ ಅಳತೆಯ ಬೀಮ್ ಮತ್ತು ಅದರ ಎರಡೂ ತುದಿಗೆ ಗಟ್ಟಿ ಆಧಾರ ಬೇಕು.

ಇನ್ನೂ ಒಡೆಸಿಲ್ವಾ?

9 ಇಂಚಿನ ಗೋಡೆಯಾ, ಅದರ ನೇರಕ್ಕೆ ಮಹಡಿಯಲ್ಲೂ ಗೋಡೆ ಇದೆಯಾ ನೋಡಿ. ಇದ್ದರೆ ಭಾರ ಹೊತ್ತಿದೆ ಅಂತಲೇ ತಿಳಿಯಿರಿ. ಹಳೇ ಮನೆಯಲ್ಲಿ ನಾಲ್ಕೂವರೆ ಇಂಚಿನ ಗೋಡೆಯನ್ನೂ ನಂಬಬೇಡಿ. ಮೇಸ್ತ್ರಿ ಬಾಯಿಮಾತು ಸಾಲದು, ಎಂಜಿನಿಯರ್ ಕೈಲಿ ಬರೆಸಿಕೊಂಡ ಮೇಲೇ ಸುತ್ತಿಗೆ ಹಾಕಿಸಿ.