ಸ್ಪಾರ್ಟದ ನ್ಯಾಯಸ್ಥಾನವೂ ಒಂದು ಮರಣಶಾಸನವೂ

ಸ್ಪಾರ್ಟ ಎಂದೊಡನೆಯೇ ಓದುಬಲ್ಲವರಿಗೆ ಪುರಾತನ ಗ್ರೀಸ್ ದೇಶವು ನೆನಪಿಗೆ ಬರುವುದು ಸಹಜ. ನಾವು ಈಗ ಹೇಳಹೊರಟಿರುವ ಸ್ಪಾರ್ಟ ಅದಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿ, ಜಾರ್ಜಿಯದ ಕೆಮ್ಮಣ್ಣಿನ ಸೀಮೆಯಲ್ಲಿರುವ ಒಂದು ಸಣ್ಣ ಊರು. ಹ್ಯಾನ್‌ಕಾಕ್ ಕೌಂಟಿಗೆ ಇದೇ ಕಸಬೆ. ಕೌಂಟಿಯೆಂದರೆ ಹೆಚ್ಚುಕಡಮೆ ನಮ್ಮ ತಾಲ್ಲೂಕಿನಷ್ಟು ವಿಸ್ತಾರವಾದ, ಆದರೆ ತನ್ನದೇ ಆದ ನ್ಯಾಯಸ್ಥಾನವನ್ನೂ ಚುನಾಯಿತ ಆಡಳಿತವನ್ನೂ ಉಳ್ಳ ವಿಭಾಗವೆಂದು ಶ್ರೋತೃಗಳು ತಿಳಿಯಬಹುದು.

ಈ ನೆಲವು ಮೊದಲು ಕ್ರೀಕ್ ಎಂಬ ಮೂಲನಿವಾಸಿಗಳದಾಗಿದ್ದಿತು. ಅವರಿಂದ ಬಿಳಿಯರ ಕೈಸೇರಿ, 1793ರಲ್ಲಿ ಕೌಂಟಿಯಾಯಿತು. ಹತ್ತಿಯಿಂದ ಬೀಜವನ್ನು ಬೇರ್ಪಡಿಸುವ ಯಂತ್ರವನ್ನು ಈಲೈ ವಿಟ್ನಿ ಎಂಬಾತನು ಜಾರ್ಜಿಯದಲ್ಲಿಯೇ ನಿರ್ಮಿಸಿದುದೂ ಅದೇ ವರ್ಷದಲ್ಲಿ. ಯಂತ್ರವು ಬಂದಮೇಲೆ ಹತ್ತಿಗೆ ಬೆಲೆ ಬಂದಿತು. ಹತ್ತಿ ಬಿಡಿಸುವ ಕೈಗಳಿಗಾಗಿ ಗುಲಾಮರ ವ್ಯಾಪಾರವೂ ಬೆಳೆಯಿತು. 1860ರ ಜನಗಣತಿಯ ಕಾಲಕ್ಕೆ ಹ್ಯಾನ್‌ಕಾಕಿನ ನಿವಾಸಿಗಳಲ್ಲಿ ಮೂರರಲ್ಲಿ ಎರಡು ಪಾಲು ಜನರು ಗುಲಾಮರು.

ಈ ಹತ್ತಿಯ ಹಣದಿಂದ ಎದ್ದ ಎತ್ತರದ ಕಂಬಗಳ ಮನೆಗಳನ್ನು ಸ್ಪಾರ್ಟದ ಬೀದಿಗಳಲ್ಲಿ ಈಗಲೂ ಕಾಣಬಹುದು. 1974ರಲ್ಲಿ ಊರಿನ ಹಳೆಯ ಭಾಗವನ್ನು ಐತಿಹಾಸಿಕ ವಿಭಾಗವೆಂದು ರಾಷ್ಟ್ರೀಯ ಪಟ್ಟಿಯಲ್ಲಿ ಸೇರಿಸಿದರು. ಇದರಿಂದ ಕಟ್ಟಡಗಳಿಗೆ ಗೌರವ ದೊರೆಯುವುದೇ ಹೊರತು, ಒಡೆಯನು ತನ್ನ ಮನೆಯನ್ನು ತಾನೇ ಕೆಡವಹೊರಟರೆ ತಡೆಯುವ ಅಧಿಕಾರವು ಆ ಪಟ್ಟಿಗಿಲ್ಲ. ಆದರೆ ಈ ಸೀಮೆಯ ಚರಿತ್ರೆಯನ್ನು ತಿಳಿಯಲು ಮನೆಗಳ ಕಂಬಗಳನ್ನು ನೋಡಿದರೆ ಸಾಲದು; ಅಲ್ಲಿ ನಡೆದ ಒಂದು ವ್ಯಾಜ್ಯವನ್ನು ಕೇಳಬೇಕು.

ಡೇವಿಡ್ ಡಿಕ್ಸನ್ ಎಂಬಾತನು ಈ ಕೌಂಟಿಯ ದೊಡ್ಡ ಜಮೀನುದಾರ. ಪೆರು ದೇಶದ ದ್ವೀಪಗಳಿಂದ ಬರುತ್ತಿದ್ದ ಹಕ್ಕಿಯ ಹಿಕ್ಕೆಯ ಗೊಬ್ಬರವನ್ನು ಹತ್ತಿಗೆ ಹಾಕಿ ಹೆಸರು ಪಡೆದವನು. ಇವನ ತಾಯಿಯ ಮನೆಯಲ್ಲಿ ಜೂಲಿಯ ಎಂಬ ಗುಲಾಮ ಹುಡುಗಿಯಿದ್ದಳು. ಅವಳಿಗಿನ್ನೂ ಹದಿಮೂರು ದಾಟಿರಲಿಲ್ಲ; ಆತನಿಗೆ ನಾಲ್ವತ್ತರ ವಯಸ್ಸು. ಇದನ್ನು ಬಲಾತ್ಕಾರವೆಂದಲ್ಲದೆ ಬೇರೆ ಹೆಸರಿನಿಂದ ಕರೆಯಲು ನಾವು ಒಪ್ಪಲಾರೆವು. 1849ರಲ್ಲಿ ಹುಟ್ಟಿದ ಮಗಳು ಅಮಾಂಡ ಅಮೆರಿಕ ಡಿಕ್ಸನ್. ಮಗುವು ಅಜ್ಜಿಯ ಕೋಣೆಯಲ್ಲಿ ಮುದ್ದಿನಿಂದ ಬೆಳೆಯಿತು, ಓದುಬರಹವನ್ನು ಕಲಿಯಿತು. ಕಾನೂನಿನ ದೃಷ್ಟಿಯಲ್ಲಿಯಾದರೋ 1864ರ ವರೆಗೆ ಆ ಅಜ್ಜಿಯ ಸ್ವತ್ತಾಗಿಯೇ ಇದ್ದಿತು!

1885ರಲ್ಲಿ ಡಿಕ್ಸನನು ತೀರಿಕೊಂಡನು. ಮರಣಶಾಸನವನ್ನು ತೆರೆದು ನೋಡಿದರೆ, ಆಸ್ತಿಯ ಬಹುಭಾಗವು, 15,000 ಎಕರೆಗೆ ಕಡಮೆಯಿಲ್ಲದ ಭೂಮಿಯೊಡನೆ, ಅಮಾಂಡಳಿಗೆ. ಬಿಳಿಯ ಬಂಧುಗಳು ಎಪ್ಪತ್ತಕ್ಕೂ ಮಿಕ್ಕು ಜನ ನ್ಯಾಯಸ್ಥಾನಕ್ಕೆ ಹೋದರು. ಸ್ಪಾರ್ಟದಲ್ಲಿ ಆಗತಾನೆ, 1883ರಲ್ಲಿ, ಹೊಸ ನ್ಯಾಯಸ್ಥಾನದ ಕಟ್ಟಡವು ಮುಗಿದಿದ್ದಿತು. ಅಲ್ಲಿ ಅಮಾಂಡಳ ಪರವಾಗಿ ತೀರ್ಪಾಯಿತು. 1887ರಲ್ಲಿ ಜಾರ್ಜಿಯದ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು: ವಿವಾಹಬಾಹಿರವಾಗಿ ಹುಟ್ಟಿದ ಬಿಳಿಯ ಮಗುವಿಗೆ ಮರಣಶಾಸನದ ಮೂಲಕ ಯಾವ ಹಕ್ಕು ಬರಬಹುದೋ, ರಾಜ್ಯಾಂಗದ ಹದಿನಾಲ್ಕನೆಯ ತಿದ್ದುಪಡಿಯಾದ ಮೇಲೆ ಅದು ಕರಿಯ ಮಗುವಿಗೂ ಸಲ್ಲತಕ್ಕದ್ದು. ನ್ಯಾಯಾಧೀಶರಿಗೆ ಸಮತೆಯಲ್ಲಿದ್ದ ಪ್ರೇಮಕ್ಕಿಂತ, ಆಸ್ತಿವಂತನು ತನ್ನ ಆಸ್ತಿಯನ್ನು ಇಷ್ಟಬಂದವರಿಗೆ ಕೊಡಬಹುದೆಂಬ ತತ್ತ್ವದಲ್ಲಿದ್ದ ಪ್ರೇಮವೇ ಹೆಚ್ಚಾಗಿದ್ದಿರಬೇಕೆಂದು ನಮಗೆ ತೋರುತ್ತದೆ. ಹೇಗಾದರಾಗಲಿ, ಆಕೆ ಗೆದ್ದಳು. ಆದರೆ ಸ್ಪಾರ್ಟದ ಸೀಮೆಯಲ್ಲಿ ನಿಲ್ಲದೆ ಅಗಸ್ಟ ನಗರದಲ್ಲಿ ಮನೆ ಕೊಂಡು, 1893ರಲ್ಲಿ ಅಲ್ಲಿಯೇ ತೀರಿಕೊಂಡಳು.

ಆಕೆಯ ಎರಡನೆಯ ಗಂಡ ನೇಥನ್ ಟೂಮರ್, ಮರುವರ್ಷವೇ ಬೇರೊಬ್ಬಳನ್ನು ಮದುವೆಯಾದನು. ಆ ದಾಂಪತ್ಯದಲ್ಲಿ ಹುಟ್ಟಿದವನೇ ಜೀನ್ ಟೂಮರ್ ಎಂಬ ಲೇಖಕ. ಈತನು 1921ರಲ್ಲಿ ಕೆಲವು ಕಾಲ ಸ್ಪಾರ್ಟದ ಕರಿಯ ಮಕ್ಕಳ ಪಾಠಶಾಲೆಯೊಂದಕ್ಕೆ ಮುಖ್ಯೋಪಾಧ್ಯಾಯನಾಗಿ ಬಂದನು. ಅಲ್ಲಿ ಕಂಡುಕೇಳಿದುದರಿಂದ ಮೂಡಿದ ‘ಕೇನ್’ ಎಂಬ ಗ್ರಂಥವು 1923ರಲ್ಲಿ ಪ್ರಕಟವಾಯಿತು.

ಅಷ್ಟರಲ್ಲಿ ಹತ್ತಿಯ ಕಾಯನ್ನು ಕೊರೆಯುವ ಮೂತಿಹುಳುವಿನ ಹಾವಳಿ ತಟ್ಟಿ, ಹೊಲ ಬಿಟ್ಟ ಜನರು ಉತ್ತರದ ಪಟ್ಟಣಗಳಿಗೆ ಹೊರಟರು. 1910ರಲ್ಲಿ ಸುಮಾರು 19,000 ಇದ್ದ ಜನಸಂಖ್ಯೆಯು 2020ರಲ್ಲಿ 8,735. ಉಳಿದವರಲ್ಲಿ ಹೆಚ್ಚಿನವರು ಕರಿಯರೇ. ಅವರ ಮತದ ಹಕ್ಕು 1965ರ ಕಾಯಿದೆಯಿಂದ ಭದ್ರವಾಗಿ, 1968ರ ಚುನಾವಣೆಯಲ್ಲಿ ಕೌಂಟಿಯ ಆಡಳಿತವು ಅವರ ಕೈಗೆ ಬಂದಿತು.

ಅಮಾಂಡಳ ವ್ಯಾಜ್ಯವನ್ನು ಕಂಡ ನ್ಯಾಯಸ್ಥಾನವು 2014ರ ಆಗಸ್ಟಿನಲ್ಲಿ ಬೆಂಕಿಗೆ ತುತ್ತಾಗಿ, ಇಟ್ಟಿಗೆಯ ಗೋಡೆಗಳು ಮಾತ್ರ ನಿಂತವು. ಕೌಂಟಿಯವರು ಅದನ್ನು ಹಳೆಯ ರೂಪದಲ್ಲಿಯೇ ಮತ್ತೆ ಕಟ್ಟಿ, 2016ರಲ್ಲಿ ಬಾಗಿಲು ತೆರೆದರು.