ಸರ್ಕಾರದ ಸಾಲವೂ ಪಕ್ಷಗಳ ಹೊಣೆಯೂ

ಹಿರಿಯೂರಿನ ಸಮೀಪದ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ನಿಂತಿರುವ ವಾಣೀವಿಲಾಸ ಸಾಗರದ ಕಟ್ಟೆಯನ್ನು ನಮ್ಮಲ್ಲಿ ಅನೇಕರು ಕಂಡಿರುವೆವು. ಅದರ ಕೆಲಸ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಆರಂಭದಲ್ಲಿ ದಿವಾನರಾಗಿದ್ದ ಶೇಷಾದ್ರಿ ಅಯ್ಯರವರು 1901ರಲ್ಲಿಯೇ ತೀರಿಕೊಂಡರು. ಜಲಾಶಯವು ಮೊದಲ ಬಾರಿಗೆ ಕೋಡಿ ಬಿದ್ದುದು 1933ರಲ್ಲಿ. ಎರಡನೆಯ ಬಾರಿಗೆ 2022ರಲ್ಲಿ. ಹಣ ತೊಡಗಿಸಿದವರೊಬ್ಬರು, ಫಲ ಕಂಡವರು ಇನ್ನೊಬ್ಬರು. ರಾಜ್ಯದ ದೊಡ್ಡ ವೆಚ್ಚಗಳ ಲಕ್ಷಣವೇ ಇದು.

ಪ್ರಜೆಗಳು ಆರಿಸಿದ ಸರ್ಕಾರದ ಅವಧಿಯಾದರೋ ಐದೇ ವರ್ಷ. ಸಾಲ ತರುವವರು ಒಂದು ಪಕ್ಷದವರು, ಬಡ್ಡಿ ತೆರುವವರು ಇನ್ನೊಂದು ಪಕ್ಷದವರಾಗುವುದುಂಟು. ತೆರಿಗೆ ಕೊಡುವ ಪ್ರಜೆ ಮಾತ್ರ ಅವನೇ. ಸಾಲವೆಲ್ಲ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಬಾವಿ ತೋಡಲು ಮಾಡಿದ ಸಾಲವನ್ನು ಬೆಳೆ ತೀರಿಸೀತು. ದಿನದ ಊಟಕ್ಕಾಗಿ ಮಾಡಿದ ಸಾಲವನ್ನು ತೀರಿಸುವುದಾವುದು? ಈ ವಿವೇಕವು ಒಂದೇ ಪಕ್ಷದ ಸೊತ್ತಾಗಿದ್ದರೆ ಮುಂದಿನ ಚುನಾವಣೆಯಲ್ಲಿ ಅಳಿದುಹೋಗುತ್ತದೆ.

ಆದುದರಿಂದಲೇ 2002ರಲ್ಲಿ ಕರ್ನಾಟಕವು ಭಾರತದ ರಾಜ್ಯಗಳಲ್ಲಿ ಮೊದಲನೆಯದಾಗಿ ವಿತ್ತೀಯ ಹೊಣೆಗಾರಿಕೆ ಅಧಿನಿಯಮವನ್ನು ಮಾಡಿತು. ವರ್ಷದ ವಿತ್ತೀಯ ಕೊರತೆಯು ರಾಜ್ಯದ ಒಟ್ಟು ಉತ್ಪನ್ನದಲ್ಲಿ ನೂರಕ್ಕೆ 3ನ್ನು, ಒಟ್ಟು ಸಾಲದ ಹೊಣೆಯು ನೂರಕ್ಕೆ 25ನ್ನು ಮೀರಬಾರದೆಂಬುದು ಅದರ ಗುರಿ. ಅಂದು ಕಾಂಗ್ರೆಸ್ ಸರ್ಕಾರವಿತ್ತು. ಬಳಿಕ ಜನತಾದಳವೂ ಭಾರತೀಯ ಜನತಾ ಪಕ್ಷವೂ ಅಧಿಕಾರಕ್ಕೆ ಬಂದವು. ಕೋವಿಡ್ ಕಾಲದಲ್ಲಿ, 2020-21ಕ್ಕೆ, ಕೊರತೆಯ ಮಿತಿಯನ್ನು ನೂರಕ್ಕೆ 5ಕ್ಕೆ ಏರಿಸಲಾಯಿತು. ಬೇಲಿಯನ್ನು ಸರಿಸಿದುದುಂಟು, ಕಿತ್ತೊಗೆದವರಿಲ್ಲ. ವೆಚ್ಚವಾದ ಹಣವನ್ನು ಪರಿಶೀಲಿಸುವ ವಿಧಾನಮಂಡಲದ ಸಾರ್ವಜನಿಕ ಲೆಕ್ಕಪತ್ರ ಸಮಿತಿಯಲ್ಲಿ ಎಲ್ಲ ಪಕ್ಷದವರೂ ಕೂಡಿ ಕುಳಿತುಕೊಳ್ಳುವರು. ಅಧ್ಯಕ್ಷಸ್ಥಾನವನ್ನು ವಿರೋಧಪಕ್ಷಕ್ಕೆ ಬಿಡುವುದು ಸತ್ಸಂಪ್ರದಾಯ.

ಇದರ ಪರೀಕ್ಷೆ ನಮ್ಮ ಸೀಮೆಯಲ್ಲಿಯೇ ನಡೆದಿದೆ. ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆ, ಹಿರಿಯೂರುಗಳ ಒಣನೆಲಕ್ಕೆ ನೀರು ತರಬೇಕಾದ ಭದ್ರಾ ಮೇಲ್ದಂಡೆ ಯೋಜನೆಯು ಹಲವು ಸರ್ಕಾರಗಳ ಕೈ ದಾಟಿ ಬಂದಿದೆ. ಭದ್ರೆಯಿಂದ 29.90 ಟಿ.ಎಂ.ಸಿ. ನೀರು ತಂದು, ನಾಲ್ಕು ಜಿಲ್ಲೆಗಳ ಎರಡು ಲಕ್ಷ ಹೆಕ್ಟೇರಿಗೂ ಮೇಲ್ಪಟ್ಟ ಭೂಮಿಗೆ ಒದಗಿಸುವುದು ಅದರ ಉದ್ದೇಶ. 2023ರ ಫೆಬ್ರವರಿಯಲ್ಲಿ ಕೇಂದ್ರದ ಆಯವ್ಯಯವು ಇದಕ್ಕೆ 5,300 ಕೋಟಿ ರೂಪಾಯಿಗಳ ನೆರವನ್ನು ಸಾರಿತು. ಅದೇ ಮೇ ತಿಂಗಳಲ್ಲಿ ರಾಜ್ಯದ ಸರ್ಕಾರ ಬದಲಾಯಿತು. ಅನಂತರ ಹಣ ಬಿಡುಗಡೆಯ ಕುರಿತು ವಾಗ್ವಾದವೇ ಬೆಳೆಯಿತು. ತಪ್ಪು ಯಾರದೆಂದು ವಾದಿಸುವುದು ಪಕ್ಷಗಳಿಗೆ ಸುಲಭ. ಕಾಲುವೆ ತಡವಾದಷ್ಟೂ ವೆಚ್ಚ ಬೆಳೆಯುವುದು ಮಾತ್ರ ನಿಶ್ಚಯ.

ಪಕ್ಷಗಳು ಭಿನ್ನಾಭಿಪ್ರಾಯವನ್ನು ಬಿಡಬೇಕೆಂದು ನಾವು ಕೇಳುವುದಿಲ್ಲ. ಸಾಲದ ಮಿತಿ, ಲೆಕ್ಕದ ಸತ್ಯ, ಹಿಡಿದ ಕೆಲಸದ ಮುಕ್ತಾಯ, ಈ ಮೂರರಲ್ಲಿ ಒಂದಾಗಿರಲಿ ಎಂದಷ್ಟೇ ಕೇಳುತ್ತೇವೆ. ಮತ ಬೇಡಿ ಬಂದವರೆಲ್ಲರನ್ನೂ ಈ ಮೂರನ್ನೇ ಕುರಿತು ಪ್ರಶ್ನಿಸುವುದು ಪ್ರಜೆಗಳಾದ ನಮ್ಮ ಕರ್ತವ್ಯ.