ಬಿತ್ತನೆಯ ಬೀಜವೂ ಚಿಟಿಕೆ ಉಪ್ಪೂ

ತುಮಕೂರು, ಗುಬ್ಬಿ, ಕುಣಿಗಲು ಸೀಮೆಯಲ್ಲಿ ರಾಗಿಯ ಹೊಲದ ಅಕ್ಕಡಿ ಸಾಲಿನಲ್ಲಿಯೂ ಮನೆಯ ಹಿತ್ತಿಲಿನಲ್ಲಿಯೂ ಅವರೆ ಬೆಳೆಯುವುದುಂಟು. ಮಿಕ್ಕ ಬೀಜವನ್ನು ನೆರೆಮನೆಗೆ ಕೊಡುವುದು ಹಳೆಯ ವಾಡಿಕೆ. ಒಮ್ಮೆ ನನ್ನ ಡಬ್ಬಿಯ ಬೀಜವೆಲ್ಲವೂ ಬೂಷ್ಟು ಹಿಡಿದು ಕೆಟ್ಟಿತು. ಹಿಂದಿನ ವರ್ಷ ನಾನೇ ಕೊಟ್ಟಿದ್ದ ಬೀಜದ ಸಂತತಿಯು ನೆರೆಯವರಲ್ಲಿದ್ದುದರಿಂದ ಆ ತಳಿ ಮರಳಿ ಕೈಸೇರಿತು. ಅರೆಯೊಣಗಿದ ಬೀಜವನ್ನು ಬಿಗಿಯಾಗಿ ಮುಚ್ಚಿಟ್ಟಿದ್ದೇ ನನ್ನ ತಪ್ಪು. ಭೌತವಿಜ್ಞಾನ ಬೋಧಿಸುವವನಿಗೆ ಇದು ಶೋಭಿಸದು!

ಬೀಜವು ಉಸಿರಾಡುವ ಜೀವಿ. ತೇವ ಹೆಚ್ಚಿದಂತೆ ಉಸಿರಾಟ ಹೆಚ್ಚಿ ಅದರ ಆಯುಸ್ಸು ಸವೆಯುತ್ತದೆ. ತೇವಾಂಶವು ಶೇಕಡ 14ರಿಂದ 5ರವರೆಗೆ ಇಳಿಯುವಾಗ, ಶೇಕಡ ಒಂದರಷ್ಟು ಇಳಿದಾಗಲೆಲ್ಲ ಆಯುಸ್ಸು ಸುಮಾರಾಗಿ ಇಮ್ಮಡಿಸುತ್ತದೆಂಬುದು ಹ್ಯಾರಿಂಗ್‌ಟನ್ ಎಂಬ ವಿಜ್ಞಾನಿಯ ಸೂತ್ರ.

ತೇವವನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಡ. ಒಣಗಿದ ಗಾಜಿನ ಸೀಸೆಯಲ್ಲಿ ಹಿಡಿ ಬೀಜವನ್ನೂ, ಹುರಿದು ಆರಿಸಿದ ಚಿಟಿಕೆ ಪುಡಿಯುಪ್ಪನ್ನೂ ಹಾಕಿ ಮುಚ್ಚಿ, ಚೆನ್ನಾಗಿ ಕುಲುಕಿ ಕಾಲು ಗಂಟೆ ಬಿಡಿರಿ. ಸುತ್ತಲಿನ ಗಾಳಿಯ ಸಾಪೇಕ್ಷ ಆರ್ದ್ರತೆಯು ಶೇಕಡ 75ನ್ನು ಮೀರಿದರೆ ಉಪ್ಪು ನೀರೊಡೆಯುವುದಷ್ಟೆ. ಅದು ಗಾಜಿಗೆ ಅಂಟಿಕೊಂಡರೆ ಬೀಜ ಇನ್ನೂ ಹಸಿ. ಅಂಟದಿದ್ದರೂ ಇನ್ನೆರಡು ದಿನ ನೆರಳಿನಲ್ಲಿ ಆರಿಸುವುದು ಲೇಸು. ಹಿರಿಯರು ಬೆರೆಸುತ್ತಿದ್ದ ಒಲೆಯ ಬೂದಿಯು ಹುಳುವನ್ನೂ ತಡೆಯುತ್ತದೆ.

ಅವರೆಯು ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶದ ಗಿಡವಾದುದರಿಂದ ತಳಿ ಕೆಡುವುದು ಅಪರೂಪ. ಹೀರೆಯ ಹೂವಿಗಾದರೋ ದುಂಬಿಯು ಯಾರ ಹಿತ್ತಿಲಿನ ಪರಾಗವನ್ನು ತಂದೀತೋ! ಹೀರೆಯ ಬೀಜ ಕೊಡುವಾಗ ಈ ಮಾತನ್ನು ನೆರೆಯವರಿಗೆ ತಿಳಿಸಿರಿ. ಪೊಟ್ಟಣದ ಮೇಲೆ ಕೊಯ್ದ ತಿಂಗಳನ್ನೂ ಬರೆಯಿರಿ.